ಮಳೆಗಾಲದ ಜಗಲಿಯಿಂದ ಖೋಖೋ ಅಂಗಳಕ್ಕೆ: ಮಕ್ಕಳಿಗೆ ಮೈಚಲನೆ ಕಲಿಸುವ ಸಮಗ್ರ ಮಾರ್ಗದರ್ಶಿ

ಜೂನ್ ಮೂರನೇ ವಾರ. ಶಾಲೆಯ ಮೈದಾನ ಗದ್ದೆಯಾಗಿದೆ. ಆಟದ ಪಿರಿಯಡ್ ಬೆಲ್ ಹೊಡೆದ ಕೂಡಲೇ ಮಕ್ಕಳು ಬಾಗಿಲಿಗೆ ಬಂದು "ಸಾರ್, ಬಿಡಿ ಸಾರ್" ಅಂತ ನಿಲ್ಲುತ್ತಾರೆ. ಬಿಟ್ಟರೆ ಅಂಗಳದ ತುಂಬ ಹಾವಸೆ, ಹುಲ್ಲಿನಲ್ಲಿ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಬಿಡದಿದ್ದರೆ ಇರುವುದು ಉದ್ದನೆಯ ಒಂದು ಜಗಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪಿಟಿ ಮೇಷ್ಟ್ರಾದವರಿಗೆಲ್ಲ ಇದು ಗೊತ್ತಿರುವ ಕಥೆ. ಆಗುಂಬೆಯಲ್ಲಂತೂ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

ಮೊದಲೆರಡು ವರ್ಷ ನಾನು ಇಂಥ ದಿನ ಕೇರಂ ಬೋರ್ಡ್ ಇಳಿಸಿಕೊಟ್ಟು ಸುಮ್ನೆ ಕೂತಿದ್ದೆ. ಆಮೇಲೆ ಒಂದು ಮಧ್ಯಾಹ್ನ ಪಠ್ಯ ತಿರುವಿ ಹಾಕುವಾಗ ಹೊಳೆಯಿತು. ಮೈಚಲನೆಯ ಪಾಠದಲ್ಲಿ ದೊಡ್ಡ ಪಾಲು ನಿಂತ ಜಾಗದಲ್ಲೇ ಮಾಡುವಂಥದ್ದು. ಅದಕ್ಕೆ ಮೈದಾನವೇ ಬೇಡ. ಅಂದಿನಿಂದ ಪಾಠವನ್ನು ಮಳೆಯ ಲೆಕ್ಕಕ್ಕೆ ಜೋಡಿಸಿಕೊಂಡೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೈಹಿಕ ಶಿಕ್ಷಣ ಕಲಿಸುವವರಿಗೆ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕುಣಿಸುವ ಟೀಚರ್‌ಗಳಿಗೆ, ಮನೆಯಲ್ಲಿ ಮಕ್ಕಳಿರುವವರಿಗೆ, ಎಲ್ಲರಿಗೂ ಇದೇ ನಡೆಯುತ್ತದೆ.

ಮೊದಲು ಮೂರು ಗುಂಪು ಮಾಡಿಕೊಳ್ಳಿ

ಮೈಯ ಮೂಲ ಚಲನೆಗಳು ಮೂರು ಬಗೆ. ನಿಂತ ಜಾಗ ಬಿಡದೆ ಮಾಡುವುದು ಒಂದು: ಬಗ್ಗುವುದು, ಚಾಚುವುದು, ತಿರುಚುವುದು, ತೂಗುವುದು, ತಳ್ಳುವುದು, ಎಳೆಯುವುದು. ಜಾಗ ಬಿಟ್ಟು ಸಾಗುವುದು ಎರಡನೆಯದು: ನಡಿಗೆ, ಓಟ, ಜಿಗಿತ, ಕುಂಟು, ನೆಗೆತ. ಚೆಂಡು, ಕೋಲು, ಕಲ್ಲಿನಂಥ ವಸ್ತುವನ್ನು ಆಡಿಸುವುದು ಮೂರನೆಯದು: ಎಸೆಯುವುದು, ಹಿಡಿಯುವುದು, ಒದೆಯುವುದು, ಹೊಡೆಯುವುದು. ತರಬೇತಿಯಲ್ಲಿ ಇವನ್ನು ನಾನ್-ಲೋಕೋಮೋಟರ್, ಲೋಕೋಮೋಟರ್, ಮ್ಯಾನಿಪ್ಯುಲೇಟಿವ್ ಅನ್ನುತ್ತಾರೆ. ನೃತ್ಯದವರು ಮೊದಲನೆಯದನ್ನು ಆಕ್ಸಿಯಲ್ ಅಂತಲೂ ಕರೆಯುತ್ತಾರೆ. ಬೆನ್ನುಮೂಳೆಯನ್ನು ಅಕ್ಷದಂತೆ ಇಟ್ಟುಕೊಂಡು ಅದರ ಸುತ್ತ ಮೈ ಆಡುತ್ತದೆ ಅನ್ನುವ ಅರ್ಥದಲ್ಲಿ.

ಮಕ್ಕಳಿಗೆ ಈ ಹೆಸರುಗಳನ್ನು ಬಾಯಿಪಾಠ ಮಾಡಿಸಬೇಡಿ. "ಜಾಗ ಬಿಟ್ಟೆಯಾ, ಇಲ್ಲವಾ? ಕೈಯಲ್ಲಿ ಏನಾದರೂ ಇದೆಯಾ?" ಈ ಎರಡು ಪ್ರಶ್ನೆ ಸಾಕು, ಎರಡನೇ ಕ್ಲಾಸಿನ ಮಗುವೂ ಗುಂಪು ಮಾಡುತ್ತದೆ.

ಜೂನ್–ಜುಲೈ: ಜಗಲಿಯಲ್ಲಿ, ನಿಂತಲ್ಲೇ

ನೆಲ ಒರೆಸಿ ಒಣಗಿಸಿ. ಸಾಕ್ಸ್ ಹಾಕಿಕೊಂಡು ಮಾಡುವುದು ಬೇಡ, ರೆಡ್‌ಆಕ್ಸೈಡ್ ನೆಲದ ಮೇಲೆ ಅದು ಜಾರುಬಂಡಿ. ಬರಿಗಾಲೇ ಒಳ್ಳೆಯದು. ಎರಡೂ ಕೈ ಅಗಲಿಸಿದರೆ ಪಕ್ಕದವರಿಗೆ ತಾಗದಷ್ಟು ದೂರ ನಿಲ್ಲಿಸಿ, ಪ್ರತಿಯೊಬ್ಬರ ಕಾಲ ಸುತ್ತ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆಯಿರಿ. ಅದು ಅವರವರ ಮನೆ. ಈ ಪಾಠ ಮುಗಿಯುವವರೆಗೆ ಯಾರೂ ಮನೆ ಬಿಡುವಂತಿಲ್ಲ.

ಬಗ್ಗುವುದರಿಂದ ಶುರು ಮಾಡಿ. ಇದೇ ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ಚಲನೆ. ಬಗ್ಗುವುದರಲ್ಲಿ ಎರಡು ಬಗೆ ಇದೆ. ಬೆನ್ನನ್ನೇ ಬಿಲ್ಲಿನಂತೆ ಬಾಗಿಸುವುದು ಒಂದು. ಬೆನ್ನು ನೇರ ಇಟ್ಟು ಸೊಂಟದ ಕೀಲಿನಲ್ಲಿ ಮಡಿಯುವುದು ಇನ್ನೊಂದು. ಗಂಟೆಗಟ್ಟಲೆ ಸಸಿ ನೆಡುವವರನ್ನು ಗಮನಿಸಿದ್ದೀರಲ್ವಾ? ಪಳಗಿದ ಹೆಂಗಸರು ಬಹಳ ಮಟ್ಟಿಗೆ ಸೊಂಟದಲ್ಲಿ ಮಡಿದಿರುತ್ತಾರೆ. ಒಂದು ದಿನ ಗದ್ದೆಗಿಳಿದ ನಮ್ಮಂಥವರು ಬೆನ್ನು ಬಾಗಿಸಿ, ರಾತ್ರಿ ಬಿಸಿನೀರಿನ ಚೀಲ ಹುಡುಕುತ್ತೇವೆ.

ವ್ಯತ್ಯಾಸ ತಿಳಿಸಲು ಒಂದು ಕೋಲು ಸಾಕು. ಮಗುವಿನ ಬೆನ್ನಿನುದ್ದಕ್ಕೂ ಕೋಲು ಹಿಡಿಯಿರಿ. ಅದು ತಲೆಯ ಹಿಂಭಾಗ, ಎರಡು ಹೆಗಲಮೂಳೆಗಳ ನಡುವೆ, ಬಾಲಮೂಳೆ, ಈ ಮೂರು ಕಡೆ ತಾಗಬೇಕು. ಮಂಡಿ ತುಸು ಸಡಿಲ ಬಿಟ್ಟು ನಿಧಾನ ಬಗ್ಗಲಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟಿತೆಂದರೆ ಬೆನ್ನು ಬಾಗಿತು ಎಂದರ್ಥ. ಬೇಕೆಂದೇ ಬೆನ್ನು ಬಾಗಿಸುವ ಅಭ್ಯಾಸವನ್ನೂ ಮಾಡಿಸಿ: ಮೊದಲು ಗಲ್ಲ, ಆಮೇಲೆ ಕತ್ತು, ಹೆಗಲು, ಹೀಗೆ ಒಂದೊಂದೇ ಮೂಳೆ ಕೆಳಗಿಳಿಯುವಂತೆ. ನೃತ್ಯಕ್ಕೆ ಎರಡೂ ಬೇಕು. ಭಾರ ಎತ್ತುವಾಗ ಮಾತ್ರ ಕೋಲಿನ ಪಾಠ ನೆನಪಿರಲಿ.

ಚಾಚುವುದಕ್ಕೆ ಹೆಚ್ಚು ಹೇಳುವುದಿಲ್ಲ. ಉಸಿರು ಹಿಡಿಯಬಾರದು, ಜಗ್ಗಿ ಜಗ್ಗಿ ಎಳೆಯಬಾರದು, ಅಷ್ಟೇ.

ತಿರುಚುವುದು ಮತ್ತು ತಿರುಗುವುದು ಬೇರೆ ಬೇರೆ. ಪಾದ ನೆಟ್ಟಲ್ಲೇ ಇದ್ದು ಹೆಗಲು ಮಾತ್ರ ಹೊರಳಿದರೆ ಅದು ತಿರುಚು. ನೆನೆದ ಪಂಚೆ ಹಿಂಡುವಾಗ ಒಂದು ತುದಿ ಗಟ್ಟಿ, ಇನ್ನೊಂದು ತುದಿ ಹೊರಳುತ್ತದಲ್ಲ, ಹಾಗೆ. ಪಾದ ಸಮೇತ ಇಡೀ ಮೈ ಸುತ್ತಿದರೆ ತಿರುಗು. ತಿರುಗುವಾಗ ತಲೆ ಸುತ್ತುವುದಕ್ಕೆ ಕಾರಣ ಒಳಕಿವಿಯಲ್ಲಿರುವ ದ್ರವ. ಮೈ ನಿಂತರೂ ಅದು ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತದೆ. ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕೆ ಒಂದು ಗುರುತು ಹಾಕಿ. ಮೈ ತಿರುಗಿದರೂ ಕಣ್ಣು ಸಾಧ್ಯವಾದಷ್ಟು ಹೊತ್ತು ಆ ಗುರುತಿನ ಮೇಲೇ ಇರಲಿ. ಇನ್ನು ಆಗದು ಅನ್ನುವಾಗ ತಲೆ ಫಕ್ಕನೆ ಸುತ್ತಿ ಮತ್ತೆ ಅದೇ ಗುರುತಿಗೆ ಬರಲಿ. ನಿಧಾನಕ್ಕೆ ಒಂದು ಸುತ್ತು, ಮರುದಿನ ಎರಡು. ಅದಕ್ಕಿಂತ ಅವಸರ ಬೇಡ.

ತೂಗುವುದು ಮತ್ತು ತೊನೆಯುವುದು. ಹೊರಗಿನಿಂದ ಬಂದ ತರಬೇತುದಾರರು ಇವೆರಡನ್ನು ಬಿಡಿಸಿ ಹೇಳಲು ಹೆಣಗುವುದನ್ನು ನೋಡಿದ್ದೇನೆ. ಮಲೆನಾಡಿನ ಮಗುವಿಗೆ ಅರ್ಧ ನಿಮಿಷ ಸಾಕು. ತೂಗುವುದು ಅಂದರೆ ಜೋಕಾಲಿ. ಮೇಲೆ ಕಟ್ಟಿದೆ, ಕೆಳಗಿನ ತುದಿ ಆಡುತ್ತದೆ. ಹೆಗಲಿನಿಂದ ಜೋತ ಕೈ ಹಾಗೆ ತೂಗುತ್ತದೆ: ಬೀಳುವಾಗ ವೇಗ, ತುದಿಯಲ್ಲಿ ಒಂದು ಕ್ಷಣ ನಿಲುಗಡೆ. ತೊನೆಯುವುದು ಅಂದರೆ ಅಡಿಕೆ ಮರ. ಬುಡ ಗಟ್ಟಿ, ತಲೆ ಆಡುತ್ತದೆ. ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರದ ತುದಿಯಲ್ಲಿ ಕೂತು, ಮೈಭಾರವನ್ನು ಆಚೀಚೆ ಹಾಕಿ ಮರವನ್ನೇ ತೊನೆಸಿ, ಪಕ್ಕದ ಮರ ಹಿಡಿಯುವುದನ್ನು ನೋಡದ ಮಕ್ಕಳು ನಮ್ಮಲ್ಲಿ ಕಡಿಮೆ. "ನೀನೀಗ ಅಡಿಕೆ ಮರ" ಅಂದರೆ ಪಾದ ಕದಲಿಸದೆ, ಕಣಕಾಲಿನಿಂದ ಮೇಲೆ ತೊನೆದಾಡುತ್ತಾರೆ. "ಈಗ ನಿನ್ನ ಕೈ ಜೋಕಾಲಿ" ಅಂದರೆ ಕೈ ಸಡಿಲವಾಗಿ ಬೀಳುತ್ತದೆ.

ತಳ್ಳುವುದು, ಎಳೆಯುವುದಕ್ಕೆ ಜೋಡಿ ಮಾಡಿ. ಬೆನ್ನಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತು, ಕೈ ಊರದೆ, ಒಬ್ಬರನ್ನೊಬ್ಬರು ತಳ್ಳುತ್ತಲೇ ಎದ್ದು ನಿಲ್ಲಲಿ. ಪಾದ ಅಗಲಿಸಿ, ಮಂಡಿ ಮಡಿಸಿ ತಗ್ಗಿದವರು ಗಟ್ಟಿ ನಿಲ್ಲುತ್ತಾರೆ ಅನ್ನುವುದು ಅವರಿಗೇ ಗೊತ್ತಾಗುತ್ತದೆ. ಮೈಯ ತೂಕದ ನಡುಬಿಂದು ನೆಲಕ್ಕೆ ಹತ್ತಿರವಾದಷ್ಟೂ, ಆಧಾರ ಅಗಲವಾದಷ್ಟೂ ಕೆಡವುವುದು ಕಷ್ಟ. ಕಬಡ್ಡಿಯಲ್ಲಿ ರೈಡರ್ ತಗ್ಗುವುದೂ, ಭರತನಾಟ್ಯದಲ್ಲಿ ಅರಮಂಡಿಗೆ ಕೂರುವುದೂ ಇದೇ ಕಾರಣದಿಂದ ಮೈಯನ್ನು ನೆಲೆಯಾಗಿ ಹಿಡಿಯುತ್ತವೆ.

ಕೊನೆಗೆ ಸಮತೋಲ. ಜಗಲಿಯಲ್ಲಿ ಒಂದು ಉದ್ದ ಗೆರೆ ಎಳೆದು "ಇದು ಸಂಕ, ಕೆಳಗೆ ಹಳ್ಳ" ಅನ್ನಿ. ಗೆರೆಯ ಮೇಲೆ ಒಂಟಿಕಾಲಿನಲ್ಲಿ ನಿಂತು ಹತ್ತು ಎಣಿಸಲಿ, ಆಮೇಲೆ ಕಣ್ಣು ಮುಚ್ಚಿ ಐದು. ಕಣ್ಣು ಮುಚ್ಚಿದ ತಕ್ಷಣ ಎಷ್ಟು ಜನ ತೂರಾಡುತ್ತಾರೆ ನೋಡಿ. ಸಮತೋಲದಲ್ಲಿ ಕಣ್ಣಿನ ಪಾಲು ಎಷ್ಟಿದೆ ಅನ್ನುವುದಕ್ಕೆ ಬೇರೆ ಪಾಠ ಬೇಡ.

ಆಗಸ್ಟ್: ಅದೇ ಚಲನೆಗೆ ಬಣ್ಣ ತುಂಬಿ

ಹದಿನೈದು ದಿನಕ್ಕೆ ಮಕ್ಕಳಿಗೆ ಬೇಜಾರು ಶುರುವಾಗುತ್ತದೆ. ಆಗ ಹೊಸ ಚಲನೆ ಕೊಡಬೇಡಿ, ಹಳೆಯದನ್ನೇ ಬೇರೆ ರೀತಿ ಮಾಡಿಸಿ. ಇದಕ್ಕೆ ರುಡಾಲ್ಫ್ ಲಾಬಾನ್ (1879–1958) ಹಾಕಿಕೊಟ್ಟ ದಾರಿ ಬಹಳ ಸಲೀಸು. ಯೂರೋಪಿನ ಈ ನೃತ್ಯ ಚಿಂತಕ ಇಂಗ್ಲೆಂಡಿಗೆ ಬಂದ ಮೇಲೆ ಕಾರ್ಖಾನೆ ಕೆಲಸಗಾರರ ಮೈಚಲನೆಯನ್ನೂ ಕೂತು ಗಮನಿಸಿದವರು. ಯಾವುದೇ ಚಲನೆಯಲ್ಲಿ ಬಲ ಎಷ್ಟು, ವೇಗ ಎಷ್ಟು, ದಾರಿ ನೇರವೋ ಬಳಸೋ ಎಂದು ಕೇಳಿಕೊಂಡು ಎಂಟು ಬಗೆಯ ಪ್ರಯತ್ನಗಳನ್ನು ಗುರುತಿಸಿದರು. ಬಿಗಿಯೋ ಸಡಿಲವೋ ಅನ್ನುವ ನಾಲ್ಕನೆಯ ಪ್ರಶ್ನೆಯೂ ಅವರಲ್ಲಿದೆ. ಅದನ್ನು ಹೈಸ್ಕೂಲಿಗೆ ಬಿಡಿ.

ಕೆಲಸ ನೋಡಿ ಹುಟ್ಟಿದ ವಿಂಗಡಣೆ ಆದ್ದರಿಂದಲೋ ಏನೋ, ಎಂಟಕ್ಕೂ ನಮ್ಮ ಮನೆಗೆಲಸದ ಕ್ರಿಯಾಪದಗಳೇ ಸಿಗುತ್ತವೆ. ನಾನು ಬಳಸುವುದು ಹೀಗೆ:

- ಒತ್ತು: ಒತ್ತು ಶಾವಿಗೆಯ ಒರಳು ಒತ್ತಿದಂತೆ. ಬಲ ಜಾಸ್ತಿ, ನಿಧಾನ, ನೇರ.
- ಹಿಂಡು: ನೆನೆದ ಕಂಬಳಿ ಹಿಂಡಿದಂತೆ. ಬಲ ಜಾಸ್ತಿ, ನಿಧಾನ, ಆದರೆ ಬಳಸು.
- ಗುದ್ದು: ಗೂಟ ಜಡಿದಂತೆ. ಬಲ, ವೇಗ, ನೇರ.
- ಬೀಸು: ಕತ್ತಿ ಬೀಸಿ ಬೇಲಿ ಸವರಿದಂತೆ. ಬಲ, ವೇಗ, ಬಳಸು.
- ತಟ್ಟು: ಅಕ್ಕಿರೊಟ್ಟಿ ತಟ್ಟಿದಂತೆ. ಹಗುರ, ಚುರುಕು, ನೇರ.
- ಕೊಡವು: ಕಾಲಿಗೆ ಹತ್ತಿದ ಉಂಬಳ ಕೊಡವಿದಂತೆ. ಹಗುರ, ಚುರುಕು, ಎತ್ತೆತ್ತಲೋ.
- ಜಾರು: ದೋಸೆ ಕಾವಲಿಗೆ ಎಣ್ಣೆ ಸವರಿದಂತೆ. ಹಗುರ, ನಿಧಾನ, ನೇರ.
- ತೇಲು: ಬೂರುಗದ ಹತ್ತಿ ಗಾಳಿಯಲ್ಲಿ ಹೋದಂತೆ. ಹಗುರ, ನಿಧಾನ, ಗೊತ್ತುಗುರಿ ಇಲ್ಲ.

ಕೈಯಲ್ಲಿ ಮಾಡಿಸಿದ ಮೇಲೆ "ಈಗ ಹೆಗಲಿನಿಂದ ತಟ್ಟು", "ಮೊಣಕಾಲಿನಿಂದ ಬೀಸು" ಅನ್ನಿ. ಉಂಬಳ ಕೊಡವುವಾಗ ಕ್ಲಾಸು ಪಕ್ಕದ ರೂಮಿಗೆ ಕೇಳುವಷ್ಟು ನಗುತ್ತದೆ, ಮೊದಲೇ ಪಕ್ಕದ ಟೀಚರ್‌ಗೆ ಹೇಳಿಡಿ. ಇಲ್ಲಿ ನಾಚಿಕೆಯ ಮಕ್ಕಳನ್ನು ಮುಂದೆ ಕರೆದು ನಿಲ್ಲಿಸಬೇಡಿ. ಎಲ್ಲರೂ ಒಟ್ಟಿಗೆ ಮಾಡುವಾಗ ಅವರ ಮೈ ತಾನೇ ಬಿಚ್ಚಿಕೊಳ್ಳುತ್ತದೆ.

ಮಳೆ ಬಿಟ್ಟ ಮೇಲೆ: ಪಾದ ನೋಡುವುದನ್ನು ಕಲಿಯಿರಿ

ದಸರಾ ರಜೆ ಮುಗಿಸಿ ಬರುವ ಹೊತ್ತಿಗೆ ಮೈದಾನ ಹದಕ್ಕೆ ಬಂದಿರುತ್ತದೆ. ಜಾಗ ಬಿಡುವ ಚಲನೆಗಳು ಈಗ.

ಮಗು ಏನು ಮಾಡುತ್ತಿದೆ ಎಂದು ಹೇಳಲು ಕೈ, ಮುಖ, ವೇಗ ಯಾವುದನ್ನೂ ನೋಡಬೇಡಿ. ಪಾದ ನೋಡಿ. ಯಾವ ಕಾಲು ನೆಲ ಬಿಟ್ಟಿತು? ಯಾವ ಕಾಲು ನೆಲಕ್ಕೆ ಬಂತು? ನಡುವೆ ಎರಡೂ ಕಾಲು ಗಾಳಿಯಲ್ಲಿದ್ದವಾ? ನಡಿಗೆಯಲ್ಲಿ ಒಂದು ಕಾಲಾದರೂ ಸದಾ ನೆಲದ ಮೇಲಿರುತ್ತದೆ. ಓಟದಲ್ಲಿ ಎರಡೂ ಕಾಲು ಗಾಳಿಯಲ್ಲಿರುವ ಕ್ಷಣ ಇದ್ದೇ ಇರುತ್ತದೆ. ಎಷ್ಟೇ ಜೋರಾಗಿ ಹೋದರೂ ಆ ಕ್ಷಣ ಇಲ್ಲದಿದ್ದರೆ ಅದು ನಡಿಗೆಯೇ. ನಡಿಗೆ ಸ್ಪರ್ಧೆಯ ತೀರ್ಪುಗಾರರು ಗಮನಿಸುವುದೂ ಮುಖ್ಯವಾಗಿ ಇದನ್ನೇ. ಜೊತೆಗೆ ಮುಂದಿಟ್ಟ ಕಾಲಿನ ಮಂಡಿ ನೇರ ಇದೆಯಾ ಎಂದು.

ಗಾಳಿಗೆ ಏಳುವುದಕ್ಕೆ ಇರುವುದು ಐದೇ ದಾರಿ. ಒಂದು ಕಾಲಿನಿಂದ ಎದ್ದು ಅದೇ ಕಾಲಿಗೆ ಬಂದರೆ ಕುಂಟು. ಒಂದು ಕಾಲಿನಿಂದ ಎದ್ದು ಇನ್ನೊಂದಕ್ಕೆ ಬಂದರೆ ನೆಗೆತ, ಹಳ್ಳ ದಾಟುವಾಗ ಮಾಡುವುದು. ಎರಡರಿಂದ ಎದ್ದು ಎರಡಕ್ಕೇ ಬಂದರೆ ಕಪ್ಪೆ ಜಿಗಿತ. ಒಂದರಿಂದ ಎದ್ದು ಎರಡಕ್ಕೆ ಬಂದರೆ ಉದ್ದ ಜಿಗಿತ, ಕುಂಟಾಬಿಲ್ಲೆಯ ಜೋಡಿಮನೆಗೆ ಹಾರುವುದು. ಎರಡರಿಂದ ಎದ್ದು ಒಂದಕ್ಕೆ ಬರುವುದು ಕೊನೆಯದು, ಜೋಡಿಮನೆಯಿಂದ ಮತ್ತೆ ಒಂಟಿಮನೆಗೆ. ಹಾಗೆ ನೋಡಿದರೆ ಕುಂಟಾಬಿಲ್ಲೆ ಆಡಿದ ಹುಡುಗಿಗೆ ಐದರಲ್ಲಿ ಮೂರು ಆಗಲೇ ಬರುತ್ತವೆ. ಬಿಲ್ಲೆಯನ್ನು ಕಾಲಲ್ಲೇ ತಳ್ಳುವುದರಿಂದ ಮೂರನೇ ಗುಂಪಿನ ಚಲನೆಯೂ ಸೇರಿಕೊಂಡಿತು. ಪಠ್ಯ ಬರೆಯುವವರು ಆ ಆಟವನ್ನು ಇನ್ನೂ ಸ್ವಲ್ಪ ಗೌರವದಿಂದ ನೋಡಬಹುದಿತ್ತು ಅನ್ನಿಸುತ್ತದೆ.

ನಮ್ಮ ಶಾಸ್ತ್ರದವರೂ ಕಾಲನ್ನೇ ನೋಡಿದವರು. ನಂದಿಕೇಶ್ವರನ ಹೆಸರಿನಲ್ಲಿರುವ ಅಭಿನಯ ದರ್ಪಣ ಎಂಬ ನೃತ್ಯಗ್ರಂಥ ಪಾದದ ಚಲನೆಯನ್ನು ಮಂಡಲ, ಉತ್ಪ್ಲವನ, ಭ್ರಮರಿ, ಚಾರಿ ಎಂದು ನಾಲ್ಕು ಮಾಡುತ್ತದೆ: ನಿಲುವು, ಹಾರುವುದು, ಸುತ್ತುವುದು, ನಡೆಯುವುದು. ಹಾರುವುದರಲ್ಲಿ ಐದು, ಸುತ್ತುವುದರಲ್ಲಿ ಏಳು. ಆ ಐದೂ ನಾನು ಮೇಲೆ ಹೇಳಿದ ಐದೂ ಒಂದೇ ಅಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಭರತನಾಟ್ಯ ಕಲಿಯುವ ಮಕ್ಕಳು ಕ್ಲಾಸಿನಲ್ಲಿದ್ದರೆ ಅವರಿಂದಲೇ ಮಾಡಿಸಿ ತೋರಿಸಿ.

ಇಳಿಯುವುದನ್ನು ಹಾರುವುದಕ್ಕಿಂತ ಮೊದಲು ಕಲಿಸಿ. ಮುಂಗಾಲು ಮೊದಲು, ಆಮೇಲೆ ಹಿಮ್ಮಡಿ, ಜೊತೆಗೇ ಮಂಡಿ ಮಡಿಯಬೇಕು. ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳಿನ ನೇರಕ್ಕಿರಲಿ. "ಸದ್ದಿಲ್ಲದೆ ಇಳಿ" ಅಂದರೆ ಇಷ್ಟೂ ತಾನಾಗೇ ಸರಿಹೋಗುತ್ತದೆ. ಈ ಮಾತು ಒಂದು ವರ್ಷ ನಾನೇ ಮರೆತಿದ್ದೆ. ಸಿಮೆಂಟ್ ಅಂಗಳದಲ್ಲಿ ದಿನಾ ಕುಂಟಿಸಿದೆ. ಎರಡನೇ ವಾರಕ್ಕೆ ಐದಾರು ಮಕ್ಕಳು ಹಿಮ್ಮಡಿ ನೋವು ಅಂತ ಬಂದರು. ಆಮೇಲೆ ಮಣ್ಣಿನ ಮೇಲೆ ಮಾತ್ರ, ಒಂದು ಕಾಲಿಗೆ ಒಮ್ಮೆಗೆ ಎಂಟು ಹತ್ತು ಕುಂಟು, ಅಷ್ಟೇ. ಎರಡೂ ಕಾಲಿಗೆ ಸಮವಾಗಿ.

ಈಗ ತಲೆನೋವಿನದು: ಇಂಗ್ಲಿಷಿನವರ ಸ್ಕಿಪ್ ಮತ್ತು ಗ್ಯಾಲಪ್. ಎರಡೂ ಬೆರಕೆ ಚಲನೆಗಳು. ಗ್ಯಾಲಪ್ ಅಂದರೆ ಕುದುರೆ ಓಟ: ಮುಂದಿನ ಕಾಲು ಹೆಜ್ಜೆ ಇಡುತ್ತದೆ, ಹಿಂದಿನ ಕಾಲು ನೆಗೆದು ಅದರ ಹಿಂದೆ ಬಂದು ಸೇರುತ್ತದೆ. ಮುಂದಿನದು ಯಾವಾಗಲೂ ಮುಂದೆಯೇ. ಇದನ್ನೇ ಪಕ್ಕಕ್ಕೆ ಮಾಡಿದರೆ ಸ್ಲೈಡ್, ಅಂದರೆ ಜಾರುಹೆಜ್ಜೆ. ಸ್ಕಿಪ್‌ನಲ್ಲಿ ಒಂದು ಹೆಜ್ಜೆ, ಅದೇ ಕಾಲಿನಲ್ಲಿ ಒಂದು ಸಣ್ಣ ಕುಂಟು. ಆಮೇಲೆ ಇನ್ನೊಂದು ಕಾಲಿನ ಸರದಿ. ಆರೇಳು ವರ್ಷದೊಳಗೆ ಇದು ಬಾರದಿದ್ದರೆ ಗಾಬರಿ ಬೇಡ. ಕುಂಟಲು ಎರಡೂ ಕಾಲಿನಲ್ಲಿ ಬಂದ ಮೇಲೆಯೇ ಸ್ಕಿಪ್ ಕೂಡಿಬರುವುದು.

ಕಲಿಸುವ ಉಪಾಯ ತಾಳದಲ್ಲಿದೆ. ನಡಿಗೆಗೆ "ತಕಧಿಮಿ", ಒಂದೊಂದು ಅಕ್ಷರಕ್ಕೆ ಒಂದೊಂದು ಹೆಜ್ಜೆ, ಎಲ್ಲ ಸಮ. ಸ್ಕಿಪ್ ಸಮ ಅಲ್ಲ, ಒಂದು ಉದ್ದ, ಒಂದು ಗಿಡ್ಡ. ಅದಕ್ಕೆ "ತಕಿಟ" ಬೇಕು. "ತ"ಗೆ ಹೆಜ್ಜೆ, "ಕಿ" ಖಾಲಿ, "ಟ"ಗೆ ಕುಂಟು. ಮೊದಲು ಕೂತು ಬಾಯಲ್ಲಿ ಹೇಳಿಸಿ, ಆಮೇಲೆ ಚಪ್ಪಾಳೆ, ಆಮೇಲೆ ನಿಧಾನವಾಗಿ ಕಾಲು. ಕುದುರೆ ಓಟಕ್ಕೂ ಇದೇ ಲೆಕ್ಕ, "ಟ"ಗೆ ಕುಂಟಿನ ಬದಲು ನೆಗೆತ. ಬರಿ ಮಾತಿನಲ್ಲಿ ವಿವರಿಸಿದಾಗ ಒಂದು ವಾರ ಒದ್ದಾಡಿದ ಮಕ್ಕಳು ತಾಳ ಸಿಕ್ಕ ಮೇಲೆ ಒಂದೇ ಪಿರಿಯಡ್‌ನಲ್ಲಿ ಮೈದಾನ ಸುತ್ತು ಹಾಕಿದ್ದನ್ನು ಕಂಡಿದ್ದೇನೆ.

ಬಂದ ಮೇಲೆ ದಾರಿ ಬದಲಿಸಿ: ನೇರ, ಸುತ್ತು, ಅಂಕುಡೊಂಕು, ಹಿಮ್ಮುಖ. ಎತ್ತರ ಬದಲಿಸಿ: ತುದಿಗಾಲಲ್ಲಿ, ಕುಕ್ಕರುಗಾಲಲ್ಲಿ.

ಕಲ್ಲು, ಕೋಲು, ಚೆಂಡು

ಸಾಮಾನು ಇಲ್ಲ ಅನ್ನಬೇಡಿ. ಲಗೋರಿಗೆ ಏಳು ಚಪ್ಪಟೆ ಕಲ್ಲು, ಒಂದು ಬಟ್ಟೆಚೆಂಡು. ಚಿನ್ನಿದಾಂಡಿಗೆ ಎರಡು ಕೋಲು. ಎಸೆತದಲ್ಲಿ ನೋಡಬೇಕಾದ್ದು ಇಲ್ಲೂ ಪಾದವೇ. ಬಲಗೈಯಲ್ಲಿ ಎಸೆಯುವವರ ಎಡಗಾಲು ಮುಂದೆ ಬರಬೇಕು. ಆಗಲೇ ಸೊಂಟ ತಿರುಚಿ ಬಿಚ್ಚಿಕೊಂಡು, ಆ ಬಲ ಹೆಗಲಿಗೂ ಕೈಗೂ ಹರಿಯುತ್ತದೆ. ಕೈಯೂ ಕಾಲೂ ಒಂದೇ ಕಡೆಯದಾದರೆ ಬರಿ ತೋಳಿನ ಎಸೆತ. ನೆಲದ ಮೇಲೆ ಎರಡು ಪಾದದ ಚಿತ್ರ ಬರೆದು ನಿಲ್ಲಿಸಿ. ಹಿಡಿಯುವುದಕ್ಕೆ ಮೊದಲು ದೊಡ್ಡ ಮೆತ್ತನೆ ಚೆಂಡು, ಬರುವ ಚೆಂಡಿನ ಜೊತೆಗೇ ಕೈ ಹಿಂದಕ್ಕೆ ಸರಿಯಲಿ. ಚಿನ್ನಿದಾಂಡು ಆಡಿಸುವಾಗ ನೋಡುವವರೆಲ್ಲ ಹೊಡೆಯುವವರ ಬೆನ್ನ ಹಿಂದೆ, ದೂರ. ಕಣ್ಣಿನ ವಿಷಯದಲ್ಲಿ ಸಲುಗೆ ಬೇಡ.

ಜೋಡಿಸುವುದು

ಈಗ ಮೂರು ಗುಂಪಿನಿಂದ ಒಂದೊಂದನ್ನು ಎತ್ತಿ ಎಂಟು ಎಣಿಕೆಯ ಒಂದು ತುಣುಕು ಕಟ್ಟಲು ಹೇಳಿ. ಶುರುವಿಗೆ ಒಂದು ನಿಲುವು, ಕೊನೆಗೆ ಒಂದು ನಿಲುವು ಕಡ್ಡಾಯ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದರೆ ಪ್ರತಿಭಾ ಕಾರಂಜಿಗೆ ಅರ್ಧ ಕುಣಿತ ಅಲ್ಲೇ ತಯಾರು. ಸಿನಿಮಾ ಹಾಡಿನ ಸ್ಟೆಪ್ ನಕಲು ಮಾಡಿಸುವುದಕ್ಕಿಂತ ಇದು ನನಗೆ ಇಷ್ಟ.

ಮೂರೂ ಗುಂಪು ಒಂದೇ ಮೈಯಲ್ಲಿ ನೋಡಬೇಕೆಂದರೆ ಡೊಳ್ಳು ಕುಣಿತ ತೋರಿಸಿ. ಡೊಳ್ಳಿನವರ ಕೈ ವಸ್ತುವಿಗೆ ಬಡಿಯುತ್ತಿದೆ, ಸೊಂಟ ಬಗ್ಗಿ ಏಳುತ್ತಿದೆ, ಕಾಲು ಸುತ್ತು ಹಾಕುತ್ತ ಜಿಗಿಯುತ್ತಿದೆ. ಭಾರ ಹೊಟ್ಟೆಯ ಮುಂದೆ ನೇತಾಡುತ್ತಿದ್ದರೂ ಬೆನ್ನು ಹೇಗಿದೆ ಎಂದು ಮಕ್ಕಳಿಗೆ ಕೇಳಿ, ಕೋಲಿನ ಪಾಠ ನೆನಪಾಗುತ್ತದೆ. ಯಕ್ಷಗಾನ ನೋಡಿ ಬಂದ ಮಕ್ಕಳು ಮರುದಿನ ಜಗಲಿಯಲ್ಲಿ ಮಂಡಿ ಹಾಕಿ ಸುತ್ತಲು ನೋಡುತ್ತಾರೆ. ಅದನ್ನು ಖಡಾಖಂಡಿತವಾಗಿ ನಿಲ್ಲಿಸಿ. ವೇಷಧಾರಿಗಳು ವರ್ಷಗಟ್ಟಲೆ ಗುರುಗಳ ಹತ್ತಿರ ಪಳಗಿ ಮಾಡುವಂಥದ್ದು ಅದು. ಬೆಳೆಯುವ ಮಂಡಿಚಿಪ್ಪು ಸಿಮೆಂಟಿಗೆ ತಾಗಬಾರದು.

ಆಟದ ಕಡೆಯಿಂದ ಬಂದರೆ ಖೋಖೋ. ಅಟ್ಟುವ ತಂಡದ ಎಂಟು ಜನ ಸಾಲಿನಲ್ಲಿ ಕೂತಿರುತ್ತಾರೆ, ಒಬ್ಬರು ಆಚೆ, ಮುಂದಿನವರು ಈಚೆ ಮುಖ ಮಾಡಿ. ಒಂಬತ್ತನೆಯವರು ಓಡುತ್ತಾರೆ. ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವವರೆಗೆ ತಿರುಗುವಂತಿಲ್ಲ. ಒಬ್ಬ ಆಟಗಾರ್ತಿಯನ್ನು ಮಾತ್ರ ನೋಡುತ್ತ ಅವಳ ಚಲನೆಗಳನ್ನು ಬರೆಯಲು ಇನ್ನೊಬ್ಬ ವಿದ್ಯಾರ್ಥಿಗೆ ಹೇಳಿ: ಕುಕ್ಕರು, ಏಳು, ಓಟ, ಕಂಬ ಹಿಡಿದು ತಿರುಗು, ವಾಲು, ಚಾಚು, ತಟ್ಟು. ಪಟ್ಟಿ ಬರೆದವರು ಮರುದಿನ ಆಡಲಿ, ಆಡಿದವರು ಬರೆಯಲಿ.

ಅಂಕ ಕೊಡುವಾಗ ಸ್ಟಾಪ್‌ವಾಚ್ ಬದಿಗಿಡಿ. ನನ್ನ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಮೂರೇ ಕಾಲಂ: ಸದ್ದಿಲ್ಲದೆ ಇಳಿಯುತ್ತದಾ, ಎರಡೂ ಕಾಲಿಗೆ ಒಂದೇ ಸಮ ಬರುತ್ತದಾ, ಹೇಳಿದಲ್ಲಿ ನಿಲ್ಲುತ್ತದಾ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಗುರುತು ಹಾಕುತ್ತೇನೆ. ಗಾಲಿಕುರ್ಚಿಯಲ್ಲಿರುವ ಮಗುವಿಗೆ ಮೊದಲ ಕಾಲಂ ಬದಲಿಸಿ "ಎರಡೂ ಕಡೆ ತಿರುಗಿಸಿ ನಿಲ್ಲಿಸುತ್ತದಾ" ಎಂದು ಬರೆದುಕೊಳ್ಳುತ್ತೇನೆ. ಎಂಟು ಕ್ರಿಯಾಪದಗಳು ಅವರಿಗೂ ಹಾಗೇ ಹೊಂದುತ್ತವೆ.

ಫೆಬ್ರವರಿ ಬಂತೆಂದರೆ ಮೈದಾನದ ಜಂಬಿಟ್ಟಿಗೆ ಮಣ್ಣು ಕಾದು ಕಲ್ಲಾಗುತ್ತದೆ. ಆಗ ಜಿಗಿತಗಳನ್ನೆಲ್ಲ ಮರಳುಗುಂಡಿಗೆ ಸಾಗಿಸಿ, ಗುಂಡಿಯನ್ನು ಪ್ರತಿದಿನ ಬೆಳಿಗ್ಗೆ ಗುದ್ದಲಿಯಿಂದ ಒಮ್ಮೆ ಕೆದಕಿ ಸಡಿಲ ಮಾಡಿ. ರಾತ್ರಿ ಬೆಕ್ಕುಗಳು ಬಂದು ಹೋಗಿರುತ್ತವೆ, ಅದನ್ನೂ ನೋಡಿಕೊಳ್ಳಿ.